ಪಣಂಬೂರು ಬಂದರಿಗೂ ಶಿರಂಗಾಲಕ್ಕೂ ಏನು ನಂಟು?

ಶಿರಂಗಾಲ: ಕಾವೇರಿ ದಡದ ಈ ಊರಿಗೆ ಕಡಲು ದೂರ. ಆದರೂ ಇಲ್ಲಿನ ಜೋಳ, ಶುಂಠಿ ಹೊಲಕ್ಕೆ ಬೇಕಾಗುವ ಯೂರಿಯಾ ಮಂಗಳೂರಿನ ಪಣಂಬೂರಿನಲ್ಲೂ ತಯಾರಾಗುತ್ತದೆ. ಕೂಡ್ಲೂರಿನ ಘಟಕಗಳಲ್ಲಿ ಕ್ಯೂರಿಂಗ್ ಆದ ಕಾಫಿ ಹಡಗು ಹತ್ತುವ ಜಾಗಗಳಲ್ಲೂ ಪಣಂಬೂರು ಮುಖ್ಯ.

1974ರಲ್ಲಿ ಅದು ದೇಶದ 9ನೇ ಪ್ರಮುಖ ಬಂದರಾಯಿತು. ಹಿಂದೆಯೇ ಎಂಸಿಎಫ್ ಗೊಬ್ಬರ ಕಾರ್ಖಾನೆ, ಆಮೇಲೆ ಎಂಆರ್‌ಪಿಎಲ್ ಬಂದವು. ಮಂಗಳೂರು ನಗರ ಸುರತ್ಕಲ್‌ವರೆಗೆ ಚಾಚಿತು. ಕಾರ್ಖಾನೆಗೆ ಬಂದರು ಬೇಕು, ಬಂದರಿಗೆ ಸರಕು ಬೇಕು; ಎರಡೂ ಸೇರಿದರೇನೇ ಊರು ಬೆಳೆಯೋದು.

ರೈಲೇ ಇಲ್ಲದ ಕೊಡಗಿಗೆ ಈ ನಂಟಿನ ಕೊಂಡಿ ಘಾಟಿ ರಸ್ತೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಬಂದ್ ಆದಾಗ ಕೊಂಡಿಯೇ ಕಳಚಿತ್ತು. ಲಾರಿ ಸುತ್ತಿ ಬಳಸಿ ಹೋದರೆ ಬಾಡಿಗೆ ಜಾಸ್ತಿ. ಅದರ ಹೊರೆ ಬೆಳೆಗಾರ, ಅಂಗಡಿಯವರ ಮೇಲೇ. ಬಂದರು ಎಷ್ಟೇ ದೊಡ್ಡದಾಗಲಿ, ಮಳೆಗಾಲದಲ್ಲಿ ಘಾಟಿ ರಸ್ತೆ ಗಟ್ಟಿಯಾಗಿ ನಿಲ್ಲದಿದ್ದರೆ ಈ ಭಾಗಕ್ಕೆ ಲಾಭ ಅಷ್ಟಕ್ಕಷ್ಟೇ.