ವಿದೇಶದಲ್ಲೊಂದು ವರ್ಷ, ಕೈಯಲ್ಲೊಂದು ವಿಮಾ ಪತ್ರ

ಮಕ್ಕಳಲ್ಲೊಬ್ಬರಾದರೂ ಕಡಲಾಚೆ ನೆಲೆಸದ ಮನೆಗಳು ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಗಳಲ್ಲಿ ಕಡಿಮೆಯಾಗುತ್ತಾ ಬಂದಿವೆ. ಈಗ ಅರುವತ್ತು ದಾಟಿದ ತಂದೆತಾಯಿಗಳೂ ವಿಮಾನವೇರುತ್ತಿದ್ದಾರೆ. ಮಗಳ ಬಾಣಂತನ, ಮೊಮ್ಮಗುವಿನ ಆರೈಕೆ, ಇಲ್ಲವೇ ‘ಒಮ್ಮೆ ಬಂದು ಇದ್ದು ಹೋಗಿ’ ಎಂಬ ಮಕ್ಕಳ ಒತ್ತಾಯ. ಕೆಲವು ತಿಂಗಳು ದುಬಾಯಿಯ ಮಗನಲ್ಲಿ, ಮತ್ತೆ ಕೆಲವು ತಿಂಗಳು ಅಮೇರಿಕೆಯ ಮಗಳಲ್ಲಿ, ಹೀಗೆ ವರ್ಷವೊಂದು ಕಳೆಯುತ್ತದೆ. ಹೊರಡುವಾಗ ಹಪ್ಪಳ, ಉಪ್ಪಿನಕಾಯಿ ಕಟ್ಟುವುದರಲ್ಲಿ ತೋರುವ ಎಚ್ಚರವನ್ನು ಆರೋಗ್ಯ ವಿಮೆಯ ವಿಷಯದಲ್ಲಿ ನಮ್ಮವರು ತೋರುತ್ತಿಲ್ಲವೆಂದು ಹೇಳಲು ವಿಷಾದವಾಗುತ್ತದೆ. ಟಿಕೇಟು ಮಾಡಿಸಿಕೊಟ್ಟವರು ಜತೆಗೆ ಕೊಟ್ಟ ಕಾಗದವನ್ನು ಪಾಸ್‌ಪೋರ್ಟಿನೊಳಗೆ ಮಡಿಸಿಟ್ಟರೆ ಕೆಲಸ ಮುಗಿಯಿತೆಂದೇ ಅನೇಕರ ಭಾವನೆ.

ಮುಖ್ಯವಾಗಿ ಮೋಸಹೋಗುವುದು ‘ವಾರ್ಷಿಕ ಪಾಲಿಸಿ’ ಎಂಬ ಹೆಸರಿನಿಂದ. ವರ್ಷದ ಪಾಲಿಸಿಯೆಂದರೆ ವರ್ಷವಿಡೀ ಹೊರದೇಶದಲ್ಲಿದ್ದರೂ ರಕ್ಷಣೆ ಇದೆಯೆಂದು ತಿಳಿಯುವುದು ಸಹಜ. ಆದರೆ ಈ ಪಾಲಿಸಿ ವ್ಯಾಪಾರಕ್ಕಾಗಿ ಮತ್ತೆ ಮತ್ತೆ ಹೋಗಿಬರುವವರಿಗೆಂದು ರಚಿಸಿದ್ದು. ವರ್ಷದಲ್ಲಿ ಎಷ್ಟು ಸಲವಾದರೂ ಹೋಗಬಹುದು; ಪ್ರತಿ ಸಲಕ್ಕೆ 30, 45 ಅಥವಾ 60 ದಿನಗಳೆಂಬಂಥ ಮಿತಿ ಇರುತ್ತದೆ. ಆ ಮಿತಿ ದಾಟಿದ ಮರುದಿನ ಹೃದಯಾಘಾತವಾದರೆ ಆ ಕಾಗದ ಬರೀ ಕಾಗದ. ದೀರ್ಘಕಾಲ ತಂಗುವವರು ಕೊಳ್ಳಬೇಕಾದದ್ದು ಒಂದೇ ಪ್ರಯಾಣದ ಪಾಲಿಸಿ. ಅದೂ ಸಾಮಾನ್ಯವಾಗಿ 180 ದಿನಗಳವರೆಗೆ ದೊರೆಯುತ್ತದೆ. ವಿಸ್ತರಣೆ ಬೇಕಾದರೆ ಅವಧಿ ಮುಗಿಯುವ ಮೊದಲೇ ಕೇಳಬೇಕು. ನಡುವೆ ಕಾಯಿಲೆಯಾಗಿ ಹಣ ಪಡೆದಿದ್ದರೆ ಕಂಪೆನಿ ನಿರಾಕರಿಸಲೂಬಹುದು. ಹೆಚ್ಚಿನ ಪಾಲಿಸಿಗಳನ್ನು ಭಾರತ ಬಿಡುವ ಮುನ್ನವೇ ಕೊಳ್ಳಬೇಕು. ‘ಅಲ್ಲಿ ಹೋಗಿ ನೋಡೋಣ’ ಎಂಬ ನಮ್ಮ ಊರಿನ ಮಾತು ಇಲ್ಲಿ ನಡೆಯದು.

ದೇಶದ ಪ್ರಶ್ನೆಯೂ ಇದೆ. ‘ಅಮೇರಿಕ ಮತ್ತು ಕೆನಡ ಹೊರತುಪಡಿಸಿ’ ಎಂಬ ಪಾಲಿಸಿ ಅಗ್ಗ. ದುಬಾಯಿಗೆ ಅದು ಸಾಕು, ಮುಂದೆ ಮಗಳ ಮನೆಗೆ ಸಾಲದು. ಅಮೇರಿಕದಲ್ಲಿ ಕೆಲವು ದಿನಗಳ ಆಸ್ಪತ್ರೆವಾಸಕ್ಕೇ ಹತ್ತಾರು ಲಕ್ಷ ರೂಪಾಯಿ ತೆರಬೇಕಾದೀತು. ಅಲ್ಲಿನ ವೃದ್ಧರಿಗಿರುವ ಸರಕಾರಿ ವಿಮೆ ಭೇಟಿಗೆ ಬಂದ ಅಜ್ಜ ಅಜ್ಜಿಯರಿಗಲ್ಲ. ಯುರೋಪಿನ ಷೆಂಗೆನ್ ವೀಸಾಕ್ಕೆ 30,000 ಯುರೋ ವಿಮೆ ಕಡ್ಡಾಯವೆಂದರೆ ಅದು ವೀಸಾಕ್ಕೆ ಬೇಕಾದ ಕನಿಷ್ಠ ಮೊತ್ತವೇ ಹೊರತು ರೋಗಕ್ಕೆ ಸಾಕಾಗುವ ಮೊತ್ತವೆಂದಲ್ಲ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2025ರ ಜನವರಿ 1ರಿಂದ ಖಾಸಗಿ ನೌಕರರಿಗೂ ಮನೆಗೆಲಸದವರಿಗೂ ಎಲ್ಲ ಎಮಿರೇಟುಗಳಲ್ಲಿ ಆರೋಗ್ಯ ವಿಮೆ ಕಡ್ಡಾಯವಾಗಿದೆ. ಸ್ವಾಗತಾರ್ಹವೇ. ಆದರೆ ಮಗನ ಕಂಪೆನಿ ಕೊಟ್ಟ ಕಾರ್ಡು ವಿಸಿಟ್ ವೀಸಾದಲ್ಲಿ ಹೋದ ತಂದೆಗೆ ಅನ್ವಯಿಸುವುದಿಲ್ಲ.

ದುಡಿಯಲು ಹೋಗುವವರ ಬಗ್ಗೆಯೂ ಒಂದು ಮಾತು. ಎಮಿಗ್ರೇಶನ್ ಅನುಮತಿ ಪಡೆದು ಹೋಗುವ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯ. ಅದರ 10 ಲಕ್ಷ ರೂಪಾಯಿ ಅಪಘಾತದ ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಜ್ವರಕ್ಕೋ ಮೂತ್ರಪಿಂಡದ ಕಾಯಿಲೆಗೋ ಅಷ್ಟೂ ಹಣ ಸಿಗುತ್ತದೆಂದು ಮನೆಯವರು ನಂಬಿ ಕೂರಬಾರದು. ಮೃತದೇಹವನ್ನು ಊರಿಗೆ ತರುವ ಖರ್ಚು ವಿಮೆಯಲ್ಲಿ ಸೇರಿದೆಯೇ ಎಂದು ಕೇಳಲು ಅಪಶಕುನವೆಂದು ಜನ ಹಿಂಜರಿಯುತ್ತಾರೆ, ಕೇಳಲೇಬೇಕು.

ಇನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಚಾರ. ‘ಅದನ್ನೆಲ್ಲ ಬರೆದರೆ ಪ್ರೀಮಿಯಂ ಜಾಸ್ತಿಯಾಗುತ್ತದೆ, ಬಿಟ್ಟುಬಿಡಿ’ ಎಂದು ಸಲಹೆ ಕೊಡುವ ಏಜೆಂಟರು ಉಂಟು. ಈ ಸಲಹೆಯಿಂದ ಲಾಭ ಏಜೆಂಟನಿಗೆ, ನಷ್ಟ ರೋಗಿಗೆ. ಮೊದಲೇ ಇದ್ದ ಕಾಯಿಲೆಗಳನ್ನು ಪ್ರಯಾಣ ವಿಮೆಗಳು ಬಹುಮಟ್ಟಿಗೆ ಹೊರಗಿಡುತ್ತವೆ, ಅಥವಾ ಪ್ರಾಣಾಪಾಯದ ಸಂದರ್ಭಕ್ಕಷ್ಟೇ ಸೀಮಿತಗೊಳಿಸುತ್ತವೆ ನಿಜ. ಆದರೆ ಮುಚ್ಚಿಟ್ಟದ್ದು ಹೊರಬಿದ್ದರೆ ಸಿಗಬೇಕಾದದ್ದೂ ಕೈತಪ್ಪುತ್ತದೆ. ಹೇಳಿ, ಹೆಚ್ಚು ಹಣ ಕೊಟ್ಟು, ಆ ಕಾಯಿಲೆಯನ್ನೂ ಒಳಗೊಳ್ಳುವ ಪಾಲಿಸಿ ಹುಡುಕುವುದೇ ಲೇಸು.

ಹೊರದೇಶಕ್ಕೆ ಹೋಗುವಾಗ ಊರಿನ ಆರೋಗ್ಯ ಪಾಲಿಸಿಯನ್ನು ‘ಒಂದು ವರ್ಷ ಸುಮ್ಮನೆ ಯಾಕೆ’ ಎಂದು ನಿಲ್ಲಿಸುವವರಿದ್ದಾರೆ. ಇದು ದೊಡ್ಡ ಅವಿವೇಕ. ಹಳೆಯ ಕಾಯಿಲೆಗಳಿಗೆ ಮೂರು ವರ್ಷಗಳವರೆಗೂ ಇರಬಹುದಾದ ಕಾಯುವ ಅವಧಿಯನ್ನು ಮರಳಿ ಬಂದು ಮೊದಲಿನಿಂದ ಎಣಿಸಬೇಕಾಗುತ್ತದೆ. ಮೇಲಾಗಿ, ಅಲ್ಲಿ ಕಾಯಿಲೆ ಬಿದ್ದವರಲ್ಲಿ ಎಷ್ಟೋ ಮಂದಿ ಕೊನೆಗೆ ಬರುವುದು ಮಂಗಳೂರಿನ ಆಸ್ಪತ್ರೆಗೇ. ಗಡಿಯಾಚೆಯ ಚಿಕಿತ್ಸೆಯೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ರೋಗಿಗಳು ದಾರಿಯಲ್ಲೇ ತಡೆಯಲ್ಪಟ್ಟು ಪ್ರಾಣ ಕಳೆದುಕೊಂಡದ್ದನ್ನು ಈ ಜಿಲ್ಲೆ ಮರೆತಿಲ್ಲ.

ಇಷ್ಟೆಲ್ಲ ಓದಿ ತಿಳಿಯಬೇಕೆಂದರೆ ಯಾವ ಭಾಷೆಯಲ್ಲಿ? ಇಲ್ಲಿಯೇ ನಮ್ಮ ಆಕ್ಷೇಪ. ಪಾಲಿಸಿ ಇಂಗ್ಲಿಷಿನಲ್ಲಿ, ಏಜೆಂಟನ ವಿವರಣೆ ಮಲಯಾಳದಲ್ಲಿ, ಸಹಿ ಮಾತ್ರ ಕನ್ನಡದಲ್ಲಿ! ಆರೋಗ್ಯ ಪಾಲಿಸಿಯ ಸಾರಾಂಶವನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು, ಪಾಲಿಸಿದಾರರು ಅಪೇಕ್ಷಿಸಿದರೆ, ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶವಿದೆ. 2024ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಾಸರಗೋಡಿನಲ್ಲಿ ಕನ್ನಡ ಸ್ಥಳೀಯ ಭಾಷೆಯಲ್ಲವೆಂದು ಹೇಳುವ ಧೈರ್ಯ ಯಾವ ಶಾಖಾಧಿಕಾರಿಗಿದೆ? ಮಂಗಳೂರಿನಲ್ಲಿ ಇದೇ ಕಂಪೆನಿಗಳು ಕನ್ನಡದಲ್ಲಿ ವ್ಯವಹರಿಸುತ್ತವೆ. ಅಲ್ಲಿ ಕೊಡುವ ಪ್ರತಿಯನ್ನು ತಲಪಾಡಿ ದಾಟಿಸಿ ತರಿಸಿಕೊಳ್ಳಲು ಕಷ್ಟವೇನು? ಆದರೆ ಕೇಳದೆ ಯಾರೂ ಕೊಡರು. ಅಡಿಕೆ ಮಾರಿದ ದುಡ್ಡು ಎಣಿಸಿ ಕೊಡುವವರು ಕನ್ನಡ ಪ್ರತಿಯನ್ನು ಲಿಖಿತವಾಗಿ ಕೇಳಬೇಕು, ಅರ್ಜಿಯ ನಕಲನ್ನು ಇರಿಸಿಕೊಳ್ಳಬೇಕು. ಪ್ರಯಾಣ ವಿಮೆಗೂ ಇದೇ ಸೌಲಭ್ಯವನ್ನು ಒತ್ತಾಯಿಸಬೇಕು.

ನ್ಯಾಯ ಸಿಗದಿದ್ದರೆ ಮೊದಲು ಕಂಪೆನಿಗೆ ದೂರು, ಬಳಿಕ ವಿಮಾ ಓಂಬುಡ್ಸ್‌ಮನ್. ನಮ್ಮ ವಾಸಸ್ಥಳದ ಲೆಕ್ಕದಲ್ಲಿ ಅದು ಕೊಚ್ಚಿಯಲ್ಲಿದೆ. ಮಂಗಳೂರಿನ ಶಾಖೆಯಲ್ಲಿ ಪಾಲಿಸಿ ಮಾಡಿಸಿದವರು ಬೆಂಗಳೂರಿಗೂ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಜಿಲ್ಲೆಯ ವಿಮಾ ಶಾಖೆಗಳಲ್ಲಿ ಕನ್ನಡ ಮಾಹಿತಿ ಪತ್ರ ಕೇಳಿದವರಿಗೆ ದೊರೆತ ಉತ್ತರವೇನೆಂದು ಓದುಗರು ನಮಗೆ ಬರೆದು ತಿಳಿಸಲಿ; ‘ಓದುಗರ ಪತ್ರ’ದಲ್ಲಿ ಸ್ಥಳವಿದೆ.