ಹೆದರದ ಸೈನಿಕನಿಗೆ ಯಾವ ನಿಯಮ?

ನಮ್ಮ ಆಡು-ಹುಲಿ ಆಟ ಇಲ್ಲಿ ತಾರ್ನಾಕದ ತೆಲುಗರಿಗೆ ಪುಲಿ-ಮೇಕ. ಸಾಮಾನ್ಯವಾಗಿ ಹುಲಿ 3, ಆಡು 15. ಹುಲಿ ಹಾರಿ ಹೊಡೆಯಬಹುದು. ಆಡುಗಳು ಸುತ್ತುವರಿದು ಕಟ್ಟಿಹಾಕಬೇಕು. ಬಲವಿರುವುದು ಕಾಯಿಯಲ್ಲಲ್ಲ, ನಿಯಮದಲ್ಲಿ.

ನಾನೂ ಮಗಳೂ ಈಗ ರೋಬಾಟ್‌ಗಳ ಯುದ್ಧದಾಟಕ್ಕೆ ನಿಯಮ ಬರೆಯುತ್ತಿದ್ದೇವೆ. ರೋಬಾಟ್‌ಗೆ ಬರೀ ದಪ್ಪ ಕವಚ ಕೊಟ್ಟರೆ ಅದೂ ಒಬ್ಬ ಸೈನಿಕನಷ್ಟೇ. ಸೈನಿಕ ಹೆದರಿ ಓಡುತ್ತಾನೆ, ಇದು ಓಡದು. ಸಂಪರ್ಕ ಕಡಿದರೆ ಕೊನೆಯ ಆಜ್ಞೆಯನ್ನೇ ಪಾಲಿಸುತ್ತದೆ.

1824ರಲ್ಲಿ ಪ್ರಷ್ಯಾದ ರೈಸ್‌ವಿಟ್ಸ್ ಪ್ರಕಟಿಸಿದ ಕ್ರೀಗ್‌ಸ್ಪೀಲ್‌ನಲ್ಲಿ ಆಜ್ಞೆಯನ್ನು ಬರೆದು ಅಂಪೈರ್‌ಗೆ ಕೊಡಬೇಕಿತ್ತು. ನಾವೂ ಚೀಟಿ ಬರೆದೆವು: “ಸೇತುವೆ ದಾಟುವವರನ್ನೆಲ್ಲ ಹೊಡೆ.” ಮುಂದಿನ ಸರದಿಗೆ ಸಂಪರ್ಕ ಕಡಿಯಿತು. ಸೇತುವೆ ದಾಟಿದ್ದು ಶರಣಾಗಲು ಬಂದವರು.

“ಅಪ್ಪಾ, ಈ ಪಾಪ ಯಾರಿಗೆ?” ಅಂದಳು ಮಗಳು.

ಚೀಟಿ ಬರೆದವರ ಅಂಕ ಕಳೆಯುವ ನಿಯಮ ಸೇರಿಸಿದೆವು. ನಿಜವಾದ ಯುದ್ಧಕ್ಕೂ ಅದೇ ಬೇಕು: ಆಜ್ಞೆ ಕೊಟ್ಟವರೇ ಹೊಣೆ.