ಕೈಗಾ ಬೇಕು ಅನ್ನುವವರು ಆಸ್ಪತ್ರೆಯನ್ನೂ ಕೇಳಬೇಕು

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ನಡೆದ ಚರ್ಚಾ ಸ್ಪರ್ಧೆಯ ವಿಷಯ ‘ಅಣುಶಕ್ತಿ: ವರವೋ ಶಾಪವೋ?’ ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ‘ವರ’. ಮೂರು ನಿಮಿಷ ಮಾತಾಡಿದೆ, ಎರಡನೇ ಬಹುಮಾನವೂ ಸಿಕ್ಕಿತು. ಆದರೆ ಪ್ರಶ್ನೆ ಕೇಳುವ ಸಮಯದಲ್ಲಿ ಕಲಾ ವಿಭಾಗದ ಗೆಳೆಯನೊಬ್ಬ ಎದ್ದು, “ನಿನ್ನ ಮನೆ ಕೈಗಾದ ಪಕ್ಕದಲ್ಲಿದ್ದಿದ್ರೂ ಹೀಗೇ ಮಾತಾಡ್ತಿದ್ಯಾ?” ಎಂದು ಕೇಳಿದ. “ನಿಮ್ಮ ಮನೆ ಫ್ಯಾನ್ ಯಾವ ಕರೆಂಟಿನಿಂದ ತಿರುಗುತ್ತೆ?” ಎಂದು ನಾನು ಅವನಿಗೇ ಮರುಪ್ರಶ್ನೆ ಹಾಕಿದೆ. ಚಪ್ಪಾಳೆ ಬಿತ್ತು. ಅದು ಉತ್ತರವಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹಾಗಾಗಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಣುಶಕ್ತಿಯ ಪರವಾಗಿ ಅಂದು ಹೇಳಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲೇ ಲೆಕ್ಕ ಇದೆ: ಒಂದು ಕಿಲೋ ಕಲ್ಲಿದ್ದಲು ಸುಟ್ಟರೆ ಸಿಗುವ ಶಕ್ತಿಗಿಂತ ಒಂದು ಕಿಲೋ ಯುರೇನಿಯಂ ಪೂರ್ತಿ ವಿದಳನವಾದರೆ ಸಿಗುವ ಶಕ್ತಿ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು. ಕಾರವಾರ ತಾಲೂಕಿನ ಕಾಡಿನ ನಡುವೆ, ಕಾಳಿ ನದಿಯ ದಡದಲ್ಲಿರುವ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಪಾವಗಡದ ಸೋಲಾರ್ ಪಾರ್ಕ್ ದೊಡ್ಡದೇ, ಆದರೆ ಮಗ್ರಿಬ್ ಹೊತ್ತಿಗೆ ಅದು ಮಲಗುತ್ತದೆ. ರಾಯಚೂರಿನ ಸ್ಥಾವರ ರಾತ್ರಿಯೂ ನಡೆಯುತ್ತದೆ, ಆದರೆ ಅದರ ಹೊಗೆ ಮತ್ತು ಹಾರುಬೂದಿಯನ್ನು ಅಲ್ಲಿನವರು ಉಸಿರಾಡಬೇಕು. ಕಲ್ಲಿದ್ದಲು ಸದ್ದಿಲ್ಲದೆ ಕೊಲ್ಲುತ್ತದೆ, ಹಾಗಾಗಿ ಅದರ ವಿರುದ್ಧ ಯಾರೂ ಚರ್ಚಾ ಸ್ಪರ್ಧೆ ಇಡುವುದಿಲ್ಲ!

ಇನ್ನು ಅಪಾಯ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದ ಕೂಡಲೇ ರಿಯಾಕ್ಟರುಗಳು ತಾವಾಗಿ ನಿಂತವು. ಆದರೆ ಸರಣಿ ಕ್ರಿಯೆ ನಿಂತರೂ ಇಂಧನದೊಳಗಿನ ಶಾಖ ತಕ್ಷಣ ಆರುವುದಿಲ್ಲ, ನೀರು ಹರಿಯುತ್ತಲೇ ಇರಬೇಕು. ಸುನಾಮಿಯ ನೀರು ಜನರೇಟರುಗಳನ್ನು ಮುಳುಗಿಸಿತು, ಪಂಪುಗಳು ನಿಂತವು, ಇಂಧನ ಕರಗಿತು. ಕೈಗಾಕ್ಕೆ ಸುನಾಮಿ ತಲುಪುವುದಿಲ್ಲ. ಆದರೆ ನಮ್ಮಲ್ಲಿ ಗುಡ್ಡಗಳಿವೆ. 2009ರಲ್ಲಿ ಕಾರವಾರ ತಾಲೂಕಿನ ಕಡವಾಡದಲ್ಲಿ ಗುಡ್ಡ ಕುಸಿದು ಹಲವರು ಸತ್ತರು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅಂಥ ಮಳೆಯ ದಿನವೇ ಕೈಗಾದ ಸುತ್ತಲಿನ ಊರುಗಳನ್ನು ಖಾಲಿ ಮಾಡಿಸಬೇಕಾಗಿ ಬಂದರೆ ಜನ ಯಾವ ರಸ್ತೆಯಲ್ಲಿ ಹೋಗಬೇಕು? ನನ್ನ ಭಯ ರಿಯಾಕ್ಟರಿಗಿಂತ ಹೆಚ್ಚಾಗಿ ರಸ್ತೆಯದು.

ಮನುಷ್ಯರದ್ದೂ ಹೌದು. 1994ರಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟ್ ಕುಸಿದು ಬಿತ್ತು. ಒಳಗೆ ಇಂಧನ ಇರಲಿಲ್ಲ, ಅದು ಅಲ್ಲಾಹನ ದಯೆ. 2009ರಲ್ಲಿ ಸ್ಥಾವರದೊಳಗೆ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರಿಂದ 50ಕ್ಕೂ ಹೆಚ್ಚು ನೌಕರರು ಚಿಕಿತ್ಸೆ ಪಡೆಯಬೇಕಾಯಿತು. ಎಷ್ಟೇ ಗಟ್ಟಿ ಗೋಡೆ ಕಟ್ಟಿದರೂ ಒಳಗಿನವನೇ ಕೆಡಿಸಲು ಹೊರಟರೆ ಏನು ಮಾಡುವುದು? ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ವಿರುದ್ಧ ಹೋರಾಡಿ, 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತು ಸೋತರು. ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಗಳನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಇಲ್ಲಿ ನನ್ನ ನಾನಿಯ ವಿಷಯ ಹೇಳಬೇಕು. ಎರಡು ವರ್ಷಗಳ ಹಿಂದೆ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. (ಇದಕ್ಕೂ ಕೈಗಾಕ್ಕೂ ಸಂಬಂಧ ಕಟ್ಟಬೇಡಿ, ನಾವಿರುವುದು ಅಲ್ಲಿಂದ ಬಹಳ ದೂರ.) ರೇಡಿಯೇಷನ್ ಕೊಡಿಸಲು ಮಂಗಳೂರಿಗೆ ಹೋಗಬೇಕಾಯಿತು. ನಮ್ಮ ಕಡೆ ಅದಕ್ಕೆ ‘ಕರೆಂಟ್ ಕೊಡುವುದು’ ಅನ್ನುತ್ತಾರೆ. ವಾರಕ್ಕೆ ಐದು ದಿನ, ಐದು ವಾರ. ದಿನಾ ಹೋಗಿ ಬರಲು ಆಗದೆ ಅಮ್ಮಿ ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ನಾನಿಯ ಜೊತೆ ಉಳಿದರು. ಇಲ್ಲಿ ನಾವು ಮೂವರು ಮಕ್ಕಳು ಅಬ್ಬ ಮಾಡಿದ ಅನ್ನ ತಿಂದು ಪರೀಕ್ಷೆ ಬರೆದೆವು. ಅಲ್‌ಹಮ್ದುಲಿಲ್ಲಾಹ್, ನಾನಿ ಈಗ ಚೆನ್ನಾಗಿದ್ದಾರೆ. ವಿಕಿರಣ ಅಂದರೆ ಬರೀ ಶಾಪ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಲಾರರು.

ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ಇಡೀ ನಾಡಿಗೆ ಅಣುವಿದ್ಯುತ್ ಕೊಡುತ್ತದೆ, ದೊಡ್ಡ ಕಾಯಿಲೆ ಬಂದರೆ ಮಾತ್ರ ನಾವು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡಬೇಕು. 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ (ಇದು ಬೇರೆ ಶಿರೂರು) ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಆಗ ಜಿಲ್ಲೆಯೆಲ್ಲ ಕೂಗಿತು. ಕೈಗಾ ಸುತ್ತ ಕ್ಯಾನ್ಸರ್ ಹೆಚ್ಚಾಗಿದೆ ಎಂಬ ಮಾತೂ ವರ್ಷಗಳಿಂದ ಇದೆ, ಅಧಿಕಾರಿಗಳು ಅಲ್ಲಗಳೆಯುತ್ತಲೇ ಬಂದಿದ್ದಾರೆ. ಒಳ್ಳೆಯ ಕ್ಯಾನ್ಸರ್ ಆಸ್ಪತ್ರೆಯೊಂದು ಇಲ್ಲೇ ಇದ್ದಿದ್ದರೆ ಯಾವ ಊರಿನಿಂದ ಎಷ್ಟು ರೋಗಿಗಳು ಬಂದರು ಎಂಬ ಲೆಕ್ಕ ಅಲ್ಲೇ ಸಿಗುತ್ತಿತ್ತು. ಈಗ ರೋಗಿಗಳು ನಾಲ್ಕು ದಿಕ್ಕಿಗೆ ಚದುರಿ ಹೋಗುತ್ತಾರೆ, ಲೆಕ್ಕವೂ ಅವರ ಜೊತೆಗೇ ಹೋಗುತ್ತದೆ.

ದೀನಿಯಾತ್ ತರಗತಿಯಲ್ಲಿ ನೆರೆಯವರ ಹಕ್ಕಿನ ಪಾಠ ಬಂದಾಗಲೆಲ್ಲ ನಾವು ಪಕ್ಕದ ಮನೆಯವರನ್ನಷ್ಟೇ ನೆನೆಯುತ್ತೇವೆ. ಅಣು ಸ್ಥಾವರಕ್ಕೂ ನೆರೆಹೊರೆ ಇದೆ. ಅಲ್ಲಿ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲೇ ಒಪ್ಪಿಗೆ ಕೊಟ್ಟಿದೆ. ಅಂದರೆ ಈಗಿನ ನಾಲ್ಕೂ ಘಟಕ ಸೇರಿ ಕೊಡುವುದಕ್ಕಿಂತ ಹೆಚ್ಚು. ಆ ಕಾಂಕ್ರೀಟಿನ ಜೊತೆಗೇ ಆಸ್ಪತ್ರೆಗೂ ಕಾಂಕ್ರೀಟ್ ಬೀಳಲಿ ಎಂದು ಕೇಳಿದರೆ ಅದು ವಿಜ್ಞಾನ ವಿರೋಧವೇ?

ಗೆಳೆಯಾ, ನಿನ್ನ ಪ್ರಶ್ನೆಗೆ ಉತ್ತರ ಇದು. ಕೈಗಾದ ಪಕ್ಕದಲ್ಲಿ ನಾನು ಇರುತ್ತೇನೆ. ಆದರೆ ಮಳೆಗಾಲದಲ್ಲೂ ತೆರೆದಿರುವ ಎರಡನೇ ರಸ್ತೆಯನ್ನು ಮೊದಲು ತೋರಿಸಬೇಕು. ನೀರಿನ, ಗಾಳಿಯ, ಮೀನಿನ ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆ ಪಂಚಾಯಿತಿ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸಿರಬೇಕು. ನಾನಿಗೆ ಕರೆಂಟ್ ಕೊಡಿಸಿ ಅಸರ್ ನಮಾಜಿನ ಹೊತ್ತಿಗೆ ಅಮ್ಮಿ ಮನೆಗೆ ವಾಪಸ್ ಬರುವಷ್ಟು ಹತ್ತಿರದಲ್ಲಿ ಆಸ್ಪತ್ರೆ ಇರಬೇಕು.